ಎರಡನೆಯ ಚೀಟಿ

ಮಸೂದೆ ಶಾಖೆಯ ಅಧಿಕಾರಿ ಮೇಜಿನ ಮೇಲೆ ಎರಡು ಚೀಟಿಗಳನ್ನು ಅಕ್ಕಪಕ್ಕ ಇಟ್ಟು, ಫ್ಯಾನಿನ ಗಾಳಿಗೆ ಹಾರದಂತೆ ಪಿನ್ನಿನ ಡಬ್ಬಿಯನ್ನು ಅವುಗಳ ಮೇಲಿಟ್ಟರು.

"ಮೊದಲನೇದು ಶುರುವಿನಲ್ಲಿ ಓದೋದು ಮೇಡಂ. ಎರಡನೇದು ಕೊನೆಯಲ್ಲಿ. ನಾಳೆ ಮಧ್ಯಾಹ್ನ ಎರಡೂವರೆಗೆ ಸದನದಲ್ಲಿರಿ. ನಿಮ್ಮದು ಮೂರನೇ ಮಸೂದೆ."

ಎದುರಿಗೆ ಕುಳಿತಿದ್ದ ಶಾಸಕಿ ಮೊದಲನೆಯ ಚೀಟಿಯನ್ನು ಮುಟ್ಟಲಿಲ್ಲ. ಎರಡನೆಯದನ್ನು ಡಬ್ಬಿಯ ಅಡಿಯಿಂದ ಎಳೆದುಕೊಂಡು, ಕನ್ನಡಕ ಏರಿಸಿ, ಒಂದೊಂದೇ ಪದವನ್ನು ಬಾಯಿಯೊಳಗೇ ಓದಿಕೊಂಡಳು. 'ಮಾನ್ಯ ಸಾರಿಗೆ ಸಚಿವರು ನೀಡಿರುವ ಭರವಸೆಯನ್ನು ಸ್ವಾಗತಿಸುತ್ತಾ, ಸದನದ ಅನುಮತಿಯೊಂದಿಗೆ ನನ್ನ ಮಸೂದೆಯನ್ನು ಹಿಂತೆಗೆದುಕೊಳ್ಳುತ್ತೇನೆ.'

"ಸಚಿವರು ಮಾತಾಡೋದು ನಾಳೆ ಅಲ್ವಾ ಸಾರ್?"

"ಹೌದು ಮೇಡಂ."

"ಮತ್ತೆ ಅವರು ನಾಳೆ ಕೊಡೋ ಭರವಸೆ ಇವತ್ತೇ ಹೇಗೆ ಟೈಪ್ ಆಯ್ತು?"

ಅಧಿಕಾರಿ ಪಿನ್ನಿನ ಡಬ್ಬಿಯನ್ನು ಒಂದಿಷ್ಟು ಆಚೆ ಸರಿಸಿದರು. "ಪದ್ಧತಿ," ಎಂದರು.

ಸದನದಲ್ಲಿ ಎಲ್ಲರೂ ಆಕೆಯನ್ನು ಕಂಡಕ್ಟರಮ್ಮ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು, ಆಮೇಲೆ ಕಾರ್ಮಿಕರ ಸಂಘ ಕಟ್ಟಿ, ಮೂರು ವರ್ಷದ ಹಿಂದೆ ಆಳುವ ಪಕ್ಷದಿಂದಲೇ ಗೆದ್ದು ಬಂದವಳು. ಒಮ್ಮೆ ಸಭಾಧ್ಯಕ್ಷರೇ ಬಾಯಿತಪ್ಪಿ 'ಕಂಡಕ್ಟರಮ್ಮನವರೇ, ಕೂತುಕೊಳ್ಳಿ' ಎಂದುಬಿಟ್ಟು, ಆಮೇಲೆ ಆ ಮಾತನ್ನು ಕಡತದಿಂದ ತೆಗೆಸಿದ್ದರು. ಆಕೆಗೆ ಬೇಸರವಾಗಿದ್ದದ್ದು ತೆಗೆಸಿದ್ದಕ್ಕೆ.

ಆಕೆಯ ಮಸೂದೆಯಲ್ಲಿ ಇದ್ದದ್ದು ನಾಲ್ಕೇ ವಾಕ್ಯ. ಪ್ರತಿ ಬಸ್ಸಿನ ಮೊದಲ ಮತ್ತು ಕೊನೆಯ ನಿಲ್ದಾಣದಲ್ಲಿ ಹೆಂಗಸು ಸಿಬ್ಬಂದಿಗೆ ಒಂದು ಶೌಚಾಲಯ ಇರಬೇಕು. ಅದರಲ್ಲಿ ನೀರಿರಬೇಕು. ಬಾಗಿಲಿಗೆ ಒಳಗಿನಿಂದ ಚಿಲಕವಿರಬೇಕು. ಪ್ರತಿ ಟ್ರಿಪ್ಪಿನ ಕೊನೆಗೆ ಹತ್ತು ನಿಮಿಷ ಬಿಡುವು ಕೊಡಬೇಕು. ಇಷ್ಟನ್ನು ಕೇಳಲು ಒಂದು ಕಾನೂನು ಬೇಕೇ ಎಂದು ನಗುವವರಿದ್ದರು. ಹಾಗೆ ನಗುವವರಲ್ಲಿ ಯಾರೂ ಬೆಳಿಗ್ಗೆ ಐದಕ್ಕೆ ಡ್ಯೂಟಿಗೆ ಹತ್ತಿ ಮಧ್ಯಾಹ್ನ ಎರಡಕ್ಕೆ ಇಳಿಯುವವರಲ್ಲ. ಹೆಂಗಸು ಕಂಡಕ್ಟರುಗಳು ಕಂಡುಕೊಂಡಿದ್ದ ಉಪಾಯ ಒಂದೇ, ನೀರು ಕುಡಿಯದಿರುವುದು.

ಇದೇ ಮಸೂದೆಯನ್ನು ಆಕೆ ಹೋದ ವರ್ಷವೂ ತಂದಿದ್ದಳು. ಆಗಲೂ ಇಂಥವೇ ಎರಡು ಚೀಟಿ ಕೈಗೆ ಬಂದಿದ್ದವು. ಸಚಿವರು ಎದ್ದು, ಅಕ್ಕನವರ ಕಳಕಳಿ ನನ್ನದೂ ಹೌದು, ಸರ್ಕಾರವೇ ಮೂರು ತಿಂಗಳಲ್ಲಿ ಇದನ್ನು ಕೈಗೆತ್ತಿಕೊಳ್ಳುತ್ತದೆ ಎಂದಾಗ ಮೇಜುಗಳು ತಟ್ಟಿಸಿಕೊಂಡವು. ಆಕೆ ಖುಷಿಯಾಗಿ ಎದ್ದು ಎರಡನೆಯ ಚೀಟಿ ಓದಿದಳು. ಡ್ಯೂಟಿ ಮುಗಿದಾಗ ಡಿಪೋ ಕಿಟಕಿಯಲ್ಲಿ ಟ್ರಿಪ್ ಶೀಟಿಗೆ ಸಹಿ ಹಾಕಿ ಒಪ್ಪಿಸಿದರೆ ಅದೇ ಬಸ್ಸನ್ನು ಮುಂದಿನವರು ತೆಗೆದುಕೊಂಡು ಹೊರಡುತ್ತಾರಲ್ಲ, ಹಿಂತೆಗೆದುಕೊಳ್ಳುವುದೂ ಹಾಗೇ ಎಂದುಕೊಂಡಿದ್ದಳು. ತನ್ನ ಕೈಯಿಂದ ಸಚಿವರ ಕೈಗೆ. ಓದಿ ಕುಳಿತು, ಇನ್ನೇನು ಮತಕ್ಕೆ ಹಾಕುತ್ತಾರೆ ಎಂದು ಕಾದಳು. ಸಭಾಧ್ಯಕ್ಷರು ಮುಂದಿನ ಮಸೂದೆಯ ಹೆಸರು ಕರೆದರು. ಆದರೂ ಆಕೆಗೆ ಗೊತ್ತಾಗಲಿಲ್ಲ. ಹೊರಗೆ ಬಂದು ತಂಗಿಗೆ ಫೋನ್ ಮಾಡಿ "ಆಯ್ತು ಕಣೇ, ಎಲ್ಲರಿಗೂ ಹೇಳಿಬಿಡು" ಅಂದಳು.

ತಂಗಿ ಇನ್ನೂ ಕಂಡಕ್ಟರು. ಡಿಪೋದಲ್ಲಿ ಇಪ್ಪತ್ತೆಂಟು ಹೆಂಗಸರಿಗೆ ಅವಳು ಅಂದೇ ಹೇಳಿದ್ದಳು. ಮೂರು ತಿಂಗಳಾಯಿತು, ಆರಾಯಿತು, ಹನ್ನೊಂದಾಯಿತು. ಒಂದು ಇಟ್ಟಿಗೆಯೂ ಬರಲಿಲ್ಲ. ಬಂದದ್ದು ತಂಗಿಗೆ ಮೂತ್ರಪಿಂಡದ ಸೋಂಕು, ಅದೂ ಎರಡನೆಯ ಸಲ. ದಿನಕ್ಕೆ ಮೂರು ಲೀಟರ್ ನೀರು ಕುಡಿಯಲೇಬೇಕಮ್ಮ ಎಂದು ಡಾಕ್ಟರು ಬರೆದುಕೊಟ್ಟಾಗ, "ಕುಡಿದು ಎಲ್ಲಿಗೆ ಹೋಗಲಿ ಅಂತ ಅದನ್ನೂ ಇದರಲ್ಲೇ ಬರೆದುಬಿಡಿ ಡಾಕ್ಟ್ರೇ" ಎಂದಿದ್ದಳು. ಮಂಚದ ಪಕ್ಕ ನಿಂತಿದ್ದ ಅಕ್ಕನಿಗೆ ಮಾತ್ರ ಅವಳು ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಹಾಗಾಗಿ ಈ ಗುರುವಾರ ಕಂಡಕ್ಟರಮ್ಮ ಮಸೂದೆ ಶಾಖೆಗೆ ಬಂದದ್ದು ಚೀಟಿಗಾಗಿ ಅಲ್ಲ.

ಶಾಖೆಯ ಅಧಿಕಾರಿಗೆ ಇದ್ದ ಹೆಸರು ರೂಲ್‌ಬುಕ್ಕು. ಸದನದ ನಿಯಮಗಳೆಲ್ಲ ಅವರ ನಾಲಗೆಯ ತುದಿಯಲ್ಲಿ. ಆದರೆ ಅವರು ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುವವರು, ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಹೆಚ್ಚು ಹೇಳಿದರೆ ಒಂದು ಪಕ್ಷಕ್ಕೆ ಸಹಾಯ ಮಾಡಿದಂತೆ, ಕಡಿಮೆ ಹೇಳಿದರೆ ಇನ್ನೊಂದಕ್ಕೆ. ಅದು ಆ ಶಾಖೆಯ ಕಟ್ಟುಪಾಡು. ಕಂಡಕ್ಟರಮ್ಮನಿಗೆ ಇದು ಹೊಸತೇನಲ್ಲ. ಈ ಬಸ್ಸು ಮಾರ್ಕೆಟ್ಟಿಗೆ ಹೋಗುತ್ತಾ ಎಂದು ಕೇಳಿದವನಿಗೆ ಹೌದು ಎಂದಷ್ಟೇ ಹೇಳಿ ಹತ್ತಿಸಿಕೊಂಡವರು ಅವಳ ಜೊತೆಯಲ್ಲೂ ಇದ್ದರು. ಬಸ್ಸು ಊರೆಲ್ಲ ಸುತ್ತಿ ಹೋಗುತ್ತದೆ ಎಂದು ತಿಳಿಯಬೇಕಾದರೆ, ಎಷ್ಟು ಹೊತ್ತಿಗೆ ಹೋಗುತ್ತೆ ಎಂದು ಕೇಳಬೇಕು.

ಆಕೆ ಚೀಟಿಯನ್ನು ಮಡಚಿ ಮೇಜಿನ ಮೇಲಿಟ್ಟಳು. "ಸಾರ್, ನಾನು ಇದನ್ನ ಓದದೇ ಇದ್ದರೆ ಏನಾಗುತ್ತೆ?"

"ಚರ್ಚೆ ಮುಂದುವರಿಯುತ್ತೆ."

"ಎಷ್ಟು ಹೊತ್ತು?"

"ಐದು ಗಂಟೆ ತನಕ."

"ಐದಕ್ಕೆ?"

"ಸದನ ಮುಗಿಯುತ್ತೆ."

"ನನ್ನ ಮಸೂದೆ ಏನಾಗುತ್ತೆ?"

"ನಾಳೆ ಈ ಅಧಿವೇಶನದ ಕೊನೇ ಶುಕ್ರವಾರ. ಮತಕ್ಕೆ ಹೋಗದ ಮಸೂದೆ ಅಲ್ಲಿಗೆ ಬಿದ್ದುಹೋಗುತ್ತೆ. ಮತ್ತೆ ಹೊಸದಾಗಿ ಕೊಟ್ಟು, ಲಾಟರಿಯಲ್ಲಿ ಹೆಸರು ಬರೋ ತನಕ ಕಾಯಬೇಕು."

"ಅಂದ್ರೆ ನಾನು ಹಿಂದಕ್ಕೆ ತಗೋಬೇಕು, ಇಲ್ಲಾ ಅವರು ಐದು ಗಂಟೆವರೆಗೆ ಮಾತಾಡ್ತಾನೇ ಇರಬೇಕು. ಎರಡೂ ಒಂದೇ ಅಲ್ವಾ?"

ರೂಲ್‌ಬುಕ್ಕು ಪಿನ್ನಿನ ಡಬ್ಬಿಯ ಮುಚ್ಚಳ ಹಾಕಿದರು. ಇದು ಪ್ರಶ್ನೆಯಲ್ಲ ಎಂದು ಅವರು ತೀರ್ಮಾನಿಸಿರಬೇಕು.

"ಸರಿ ಬಿಡಿ. ಇಷ್ಟು ವರ್ಷದಲ್ಲಿ ಸಚಿವರಲ್ಲದ ನಮ್ಮಂಥ ಸದಸ್ಯರು ತಂದ ಮಸೂದೆ ಎಷ್ಟು ಮತಕ್ಕೆ ಹೋಗಿವೆ?"

"ನಾನು ಬಂದು ಇಪ್ಪತ್ತಾರು ವರ್ಷ. ನಾನೂರ ಹನ್ನೆರಡು ಮಸೂದೆ ಬಂದಿವೆ. ಮತಕ್ಕೆ ಹೋಗಿದ್ದು ಒಂದೂ ಇಲ್ಲ."

ನಾನೂರ ಹನ್ನೆರಡು ಜನ ಕಂಡವರ ಕಷ್ಟ ಬರೆದು ತಂದು, ಓದಿ, ಒಳ್ಳೆಯ ಮಾತು ಕೇಳಿಸಿಕೊಂಡು, ಚೀಟಿ ಓದಿ ಮನೆಗೆ ಹೋಗಿದ್ದಾರೆ. ಬೇಡ ಎಂದು ಯಾರೂ ಯಾವತ್ತೂ ಹೇಳಬೇಕಾಗಿ ಬಂದಿಲ್ಲ. ಅಷ್ಟು ಚೊಕ್ಕ ಏರ್ಪಾಟು. ಆಕೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

"ಸಾರ್, ಚರ್ಚೆ ಸಾಕು, ಮತಕ್ಕೆ ಹಾಕಿ ಅಂತ ಕೇಳೋದಕ್ಕೆ ಏನಾದ್ರೂ ನಿಯಮ ಇದೆಯಾ?"

ರೂಲ್‌ಬುಕ್ಕು ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿದರು. "ಇದೆ."

"ಯಾರು ಕೇಳಬಹುದು?"

"ಯಾವ ಸದಸ್ಯರು ಬೇಕಾದರೂ."

"ನಾನು?"

"ನೀವು ಸದಸ್ಯರೇ ಅಲ್ವಾ ಮೇಡಂ."

"ಯಾವಾಗ ಬೇಕಾದ್ರೂ ಕೇಳಬಹುದಾ?"

"ಒಬ್ಬರು ಮಾತಾಡ್ತಾ ಇರುವಾಗ ಆಗಲ್ಲ. ಅವರು ಕೂತ ಮೇಲೆ, ಇಲ್ಲವೇ ಜಾಗ ಬಿಟ್ಟು ಎದ್ದುಹೋದ ಮೇಲೆ. ಮುಂದಿನವರ ಹೆಸರು ಕರೆಯೋದ್ರೊಳಗೆ."

"ಯಾರು ಹೌದು ಅಂದ್ರು, ಯಾರು ಇಲ್ಲ ಅಂದ್ರು ಅಂತ ಹೆಸರು ಅಚ್ಚಾಗಬೇಕು ಅಂದ್ರೆ?"

"ಸುಮ್ಮನೆ ಬಾಯಲ್ಲಿ ಕೂಗಿದರೆ ಆಗಲ್ಲ. ಹೆಸರು ಕರೆದು ಎಣಿಸಿ ಅಂತ ಹತ್ತು ಜನ ಎದ್ದು ನಿಂತು ಕೇಳಬೇಕು."

ಆಕೆ ಎದ್ದಳು. "ಹಾಗಾದ್ರೆ ನನಗೆ ಇನ್ನೊಂದು ಚೀಟಿ ಟೈಪ್ ಮಾಡಿಕೊಡಿ ಸಾರ್. ಇದೆಲ್ಲ ಸರಿಯಾದ ಮಾತಲ್ಲಿ ಇರಲಿ. ನನ್ನ ಬಾಯಿಗೆ ಬಂದ ಹಾಗೆ ಕೇಳಿದ್ರೆ ಅದು ನಿಯಮದಲ್ಲಿಲ್ಲ ಅಂದುಬಿಡ್ತಾರೆ."

ರೂಲ್‌ಬುಕ್ಕು ಕಂಪ್ಯೂಟರಿನ ಕಡೆ ತಿರುಗಿದರು. ಎರಡನೆಯ ಚೀಟಿಗೆ ಅವರ ಬಳಿ ಹಳೆಯ ನಮೂನೆ ಇತ್ತು, ಸಚಿವರ ಖಾತೆಯ ಹೆಸರನ್ನಷ್ಟೇ ಬದಲಾಯಿಸಿದರೆ ಸಾಕು. ಇದಕ್ಕೆ ನಮೂನೆ ಇರಲಿಲ್ಲ. ನಿಯಮದ ಪುಸ್ತಕವನ್ನು ಪಕ್ಕದಲ್ಲಿ ಬಿಡಿಸಿಟ್ಟುಕೊಂಡು, ಎರಡೂ ಕೈಗಳ ಒಂದೊಂದು ಬೆರಳಿನಿಂದ ನಿಧಾನವಾಗಿ ಹೊಡೆಯತೊಡಗಿದರು.

ಆ ಸಂಜೆಯೆಲ್ಲ ಆಕೆ ಶಾಸಕರ ವಸತಿಗೃಹದ ಮೆಟ್ಟಿಲು ಹತ್ತಿಳಿದಳು. ತನ್ನ ಪಕ್ಷ, ಆ ಪಕ್ಷ ಎಂದು ನೋಡದೆ ಒಂಬತ್ತು ಹೆಂಗಸರ ಬಾಗಿಲು ತಟ್ಟಿದಳು, ವೈದ್ಯರಾಗಿದ್ದ ಒಬ್ಬ ಹಿರಿಯ ಶಾಸಕರ ಬಾಗಿಲನ್ನೂ ತಟ್ಟಿದಳು. ನಾಳೆ ಎದ್ದು ನಿಲ್ಲುತ್ತೀರಾ ಎಂದಷ್ಟೇ ಕೇಳಿದಳು. ಕೆಲವರು ಚಹಾ ಕೊಟ್ಟರು, ಕೆಲವರು ನೋಡೋಣ ಎಂದರು. ಎಂಟು ಜನ ಹೂಂ ಎಂದರು. ತಾನೂ ಸೇರಿದರೆ ಒಂಬತ್ತು.

ಶುಕ್ರವಾರ ಮಧ್ಯಾಹ್ನ ಸದನದ ಬಾಗಿಲಲ್ಲೇ ಪಕ್ಷದ ಸಚೇತಕ ಅವಳಿಗೆ ಅಡ್ಡ ನಿಂತ. ಸದಸ್ಯರನ್ನು ಹದ್ದುಬಸ್ತಿನಲ್ಲಿ ಇಡುವುದು ಅವನ ಕೆಲಸ, ಅದನ್ನು ನಗುನಗುತ್ತಲೇ ಮಾಡುವವನು.

"ಏನೋ ಹಟ ಹಿಡಿದಿದ್ದೀರಂತೆ ಅಕ್ಕಾ. ಎರಡು ವರ್ಷಕ್ಕೆ ಮತ್ತೆ ಚುನಾವಣೆ ಬರುತ್ತೆ. ಟಿಕೆಟ್ಟು ಬೇಡ್ವಾ?"

"ಹತ್ತೊಂಬತ್ತು ವರ್ಷ ನಾನೇ ಟಿಕೆಟ್ ಕೊಟ್ಟು ಬದುಕಿದೋಳು ಕಣಪ್ಪ. ಅದಕ್ಕೆಲ್ಲ ಹೆದರಿಸಬೇಡ, ದಾರಿ ಬಿಡು."

ಬಿಟ್ಟ. ಆದರೆ ಒಳಗೆ ಹೋಗಿ ಅವನು ಮಾಡಿದ ಮೊದಲ ಕೆಲಸ, ಪೀಠಿಕೆಯ ಕಿವಿಯಲ್ಲಿ ಏನೋ ಹೇಳಿದ್ದು.

ಪೀಠಿಕೆ ಎಂಬುದು ಆಳುವ ಪಕ್ಷದ ಇನ್ನೊಬ್ಬ ಶಾಸಕರ ಅಡ್ಡಹೆಸರು. ಯಾವ ವಿಷಯ ಕೊಟ್ಟರೂ ಅವರ ಮಾತು ಪೀಠಿಕೆ ದಾಟಿ ವಿಷಯಕ್ಕೆ ಬಂದದ್ದನ್ನು ಕಂಡವರಿಲ್ಲ. ಮನುಷ್ಯ ಕೆಟ್ಟವರಲ್ಲ. ನಿಂತರೆ ನಿಲ್ಲಿಸಲು ಬಾರದು, ಅಷ್ಟೇ. ಪಕ್ಷಕ್ಕೆ ಹೊತ್ತು ಕಳೆಯಬೇಕಾದಾಗಲೆಲ್ಲ ಅವರಿಗೆ ಕರೆ ಬರುತ್ತಿತ್ತು. ಅವರ ಆಸನ ಕಂಡಕ್ಟರಮ್ಮನ ಪಕ್ಕದ್ದೇ, ಇಬ್ಬರ ನಡುವೆ ಒಂದು ನೀರಿನ ಜಗ್ಗು.

ಮೊದಲ ಎರಡು ಮಸೂದೆಗಳು ಮಾಮೂಲಿನಂತೆ ಮುಗಿದವು. ಒಬ್ಬರು ಕೆರೆಗಳ ಬಗ್ಗೆ ತಂದಿದ್ದರು, ಇನ್ನೊಬ್ಬರು ಶಾಲೆಯ ಚೀಲದ ತೂಕದ ಬಗ್ಗೆ. ಇಬ್ಬರೂ ಎರಡನೆಯ ಚೀಟಿ ಓದಿ ಕುಳಿತರು. ಮೂರು ಇಪ್ಪತ್ತಕ್ಕೆ ಅವಳ ಸರದಿ ಬಂತು. ಮೊದಲ ಚೀಟಿ ಓದಿ, ನಾಲ್ಕು ವಾಕ್ಯಕ್ಕೆ ನಾಲ್ಕು ನಿಮಿಷ ವಿವರಣೆ ಕೊಟ್ಟು ಕುಳಿತಳು. ನಾಲ್ಕಾರು ಜನ ಮಾತಾಡಿದರು, ಎಲ್ಲರೂ ಒಳ್ಳೆಯದನ್ನೇ ಹೇಳಿದರು. ಸಾರಿಗೆ ಸಚಿವರು ಎದ್ದು ಮುಗುಳ್ನಕ್ಕು, ಅಕ್ಕನವರ ಕಳಕಳಿ ನನ್ನದೂ ಹೌದು ಎಂದರು. ಈ ಸಲ ಮೂರು ತಿಂಗಳ ಬದಲು 'ಆದಷ್ಟು ಬೇಗ' ಎಂದರು.

ಸಭಾಧ್ಯಕ್ಷರು ಅವಳತ್ತ ನೋಡಿದರು. "ಮಾನ್ಯ ಸದಸ್ಯರು ಹಿಂತೆಗೆದುಕೊಳ್ಳುತ್ತಾರೆ..."

"ಇಲ್ಲ ಅಧ್ಯಕ್ಷರೇ."

"ಏನಂದಿರಿ?"

"ಹಿಂದಕ್ಕೆ ತಗೊಳ್ಳಲ್ಲ. ಮತಕ್ಕೆ ಹಾಕಿ."

ಸದನದಲ್ಲಿ ಗುಜುಗುಜು ಎದ್ದಿತು. ಸಚೇತಕ ಕತ್ತೆತ್ತಿದ. ಅವಳು ಟೈಪಾದ ಚೀಟಿ ತೆಗೆಯುವಷ್ಟರಲ್ಲಿ ಪೀಠಿಕೆ ಎದ್ದು, ಈ ಮಸೂದೆಯ ಮೇಲೆ ತಾವೂ ಎರಡು ಮಾತು ಹೇಳಬೇಕೆಂದು ಕೇಳಿ ಅಪ್ಪಣೆ ಪಡೆದುಬಿಟ್ಟರು. ಗಡಿಯಾರದಲ್ಲಿ ಆಗ ಮೂರು ಐವತ್ತೈದು. ಮೊಟ್ಟಮೊದಲು ಚಕ್ರ ಕಂಡುಹಿಡಿದವರಿಂದ ಶುರುಮಾಡಿದರು.

ಚಕ್ರ ಆಯಿತು, ಗಾಡಿ ಆಯಿತು. ಕುದುರೆ ಎಳೆಯುವ ಬಂಡಿಗೆ ಬರುವಾಗ ನಾಲ್ಕೂಕಾಲು. ಪೀಠಿಕೆಗೆ ಮಾತಿನ ನಡುವೆ ಗಂಟಲು ಒಣಗುವ ಅಭ್ಯಾಸ. ನೋಡದೆಯೇ ಖಾಲಿ ಲೋಟವನ್ನು ಪಕ್ಕಕ್ಕೆ ಸರಿಸಿದರು. ಕಂಡಕ್ಟರಮ್ಮ ಮೂರು ವರ್ಷದ ರೂಢಿಯಂತೆ, ಯೋಚಿಸದೆಯೇ ಜಗ್ಗು ಎತ್ತಿ ತುಂಬಿದಳು. ಅವರು ಕುಡಿದರು. ಉಗಿಬಂಡಿಗೆ ಬಂದರು. ಮತ್ತೆ ಲೋಟ ಸರಿಯಿತು.

ಎರಡನೆಯ ಸಲ ಜಗ್ಗು ಎತ್ತಿದವಳ ಕೈ ಹಾಗೇ ನಿಂತಿತು. ಅವಳ ಮನಸ್ಸಿನಲ್ಲಿ ಲೆಕ್ಕ ಓಡಿತು. ಯಾವ ಹೊತ್ತಿನಲ್ಲಿ ಎಷ್ಟು ಗುಟುಕು ಕುಡಿದರೆ ಎಷ್ಟನೆಯ ನಿಲ್ದಾಣದಲ್ಲಿ ಮೈ ಬಿಗಿಹಿಡಿಯಬೇಕಾಗುತ್ತದೆ ಎಂಬುದನ್ನು ಹತ್ತೊಂಬತ್ತು ವರ್ಷ ಮೈಯಲ್ಲೇ ಕಲಿತವಳು ಅವಳು. ಊಟದ ನೀರು ಬೇರೆ, ಮಧ್ಯಾಹ್ನದ ಚಹಾ ಬೇರೆ. ಮೇಲಿನಿಂದ ಸುರಿಯುವ ಯಂತ್ರದ ತಂಪು ಗಾಳಿ ಬೇರೆ. ಲೋಟವನ್ನು ಅಂಚಿನವರೆಗೆ ತುಂಬಿ, ಅವರ ಕೈಗೆ ಸಿಗುವಷ್ಟು ಹತ್ತಿರ ಇಟ್ಟಳು.

ಆಮೇಲೆ ಅವಳು ಲೋಟ ಸರಿಯುವವರೆಗೂ ಕಾಯಲಿಲ್ಲ. ಅರ್ಧವಾದರೆ ತುಂಬಿದಳು, ಮುಕ್ಕಾಲಾದರೂ ತುಂಬಿದಳು. ಜಗ್ಗು ಖಾಲಿಯಾದಾಗ ಸದನದ ಸೇವಕನಿಗೆ ಸನ್ನೆ ಮಾಡಿ ಇನ್ನೊಂದು ತರಿಸಿದಳು. ಪೀಠಿಕೆಯವರಿಗೆ ಇಷ್ಟು ಉಪಚಾರ ಯಾವತ್ತೂ ಸಿಕ್ಕಿರಲಿಲ್ಲ. ಹುರುಪಿನಿಂದ ಕುಡಿದರು, ಹುರುಪಿನಿಂದ ಮಾತಾಡಿದರು.

ನಾಲ್ಕು ಮೂವತ್ತಕ್ಕೆ ಅವರು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದರು. ನಾಲ್ಕು ಮೂವತ್ತಾರಕ್ಕೆ ಮತ್ತೆ ಮೊದಲ ಕಾಲಿಗೆ. ಮಾತಿನ ವೇಗ ಹೆಚ್ಚಿತು, ಮೊದಲ ಮೋಟಾರು ಬಸ್ಸು ಎಂದವರು ಮತ್ತೆ ಉಗಿಬಂಡಿಗೆ ಹೋದರು. ಹಣೆಯಲ್ಲಿ ಬೆವರು ಕಂಡಿತು. ಸಚೇತಕನ ಕಡೆ ಒಮ್ಮೆ ನೋಡಿದರು. ಅವನು ಅಂಗೈ ಕೆಳಗೆ ಒತ್ತಿ, ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎಂದು ಸನ್ನೆ ಮಾಡಿದ. ಅವರು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕಂಡಕ್ಟರಮ್ಮನಿಗೆ ಅಯ್ಯೋ ಅನಿಸಿತು, ಸುಳ್ಳಲ್ಲ. ಆ ನಿಲುವು ಅವಳಿಗೆ ಗೊತ್ತಿತ್ತು. ಬಸ್ಸಿನ ಕಂಬಿ ಹಿಡಿದು ಅವಳು ಹಾಗೆಯೇ ನಿಂತಿದ್ದಳು, ಅವಳ ತಂಗಿ ಈಗಲೂ ನಿಲ್ಲುತ್ತಾಳೆ. ಅಯ್ಯೋ ಅನಿಸಿದರೂ ಲೋಟ ತುಂಬಿದಳು.

ನಾಲ್ಕು ನಲವತ್ತೆರಡಕ್ಕೆ ಪೀಠಿಕೆಯವರು ಒಂದು ವಾಕ್ಯವನ್ನು ಅರ್ಧಕ್ಕೇ ಬಿಟ್ಟು, "ಅಧ್ಯಕ್ಷರೇ, ಒಂದೇ ನಿಮಿಷ" ಎಂದು ಅಪ್ಪಣೆಗೂ ಕಾಯದೆ ಹೊರಟರು. ಮೊದಲು ನಡೆದರು, ಬಾಗಿಲ ಹತ್ತಿರ ಓಡಿದರು. ಸದನ ಹೋ ಎಂದು ನಕ್ಕಿತು. ಸಚೇತಕ ಮುಂದಿನ ಮಾತುಗಾರನನ್ನು ಹುಡುಕುತ್ತ ಹಿಂದಿನ ಸಾಲಿಗೆ ತಿರುಗಿದ.

ಅವನು ಈ ಕಡೆ ತಿರುಗುವಷ್ಟರಲ್ಲಿ ಅವಳು ಎದ್ದು ನಿಂತಿದ್ದಳು. ಕೈಯಲ್ಲಿ ಟೈಪಾದ ಚೀಟಿ. "ಅಧ್ಯಕ್ಷರೇ, ಚರ್ಚೆ ಸಾಕಷ್ಟು ಆಗಿರುವುದರಿಂದ ವಿಷಯವನ್ನು ಈಗಲೇ ಮತಕ್ಕೆ ಹಾಕಬೇಕೆಂದು ಪ್ರಸ್ತಾಪಿಸುತ್ತೇನೆ."

ಸಭಾಧ್ಯಕ್ಷರು ಕೆಳಗೆ ಬಾಗಿ ಕಾರ್ಯದರ್ಶಿಯನ್ನು ಕೇಳಿದರು. ಕಾರ್ಯದರ್ಶಿ ಹಿಂದೆ ತಿರುಗಿ ರೂಲ್‌ಬುಕ್ಕಿನವರನ್ನು ಕೇಳಿದರು. ರೂಲ್‌ಬುಕ್ಕಿನವರ ಕೈಯಲ್ಲಿ ಪುಸ್ತಕ ಆಗಲೇ ಬಿಚ್ಚಿತ್ತು. "ಮಾತಾಡುತ್ತಿದ್ದವರು ಜಾಗ ಬಿಟ್ಟರೆ?" ಎಂದು ಅಧ್ಯಕ್ಷರು ಕೇಳಿದ್ದು ಮೈಕಿನಲ್ಲೇ ಕೇಳಿಸಿತು. "ಮಾತು ಮುಗಿಸಿದ ಹಾಗೆ ಸಾರ್," ಎಂದರು ಅವರು.

ನಗು ಇನ್ನೂ ಪೂರ್ತಿ ನಿಂತಿರಲಿಲ್ಲ. ಕಂಡಕ್ಟರಮ್ಮ ಚೀಟಿಯನ್ನು ಕೆಳಗಿಟ್ಟಳು.

"ನಗಬೇಡಿ. ಅವರು ದೊಡ್ಡ ಮನುಷ್ಯರು, ನಲವತ್ತೇಳು ನಿಮಿಷ ತಡಕೊಂಡ್ರು. ಬಾಗಿಲು ದಾಟಿದ್ರೆ ಎಡಗಡೆಗೇ ಜಾಗ ಇದೆ, ನೀರಿದೆ, ಚಿಲಕ ಇದೆ. ಅವರು ವಾಪಸ್ ಬಂದಾಗ ಯಾರೂ ಅವರ ಸಂಬಳ ಹಿಡಿಯಲ್ಲ. ನಮ್ಮ ಹುಡುಗೀರು ಒಂಬತ್ತು ಗಂಟೆ ತಡಕೋತಾರೆ. ದಿನಾ. ನನ್ನ ಒಡಹುಟ್ಟಿದ ತಂಗಿ ಹೀಗೇ ತಡಕೊಂಡು ಎರಡು ಸಲ ಆಸ್ಪತ್ರೆ ಸೇರಿದಳು. ಹೋದ ವರ್ಷ ಇಲ್ಲೇ ನಿಂತು ನಾನು ಚೀಟಿ ಓದಿ, ಕೆಲಸ ಆಯ್ತು ಅಂತ ಅವಳಿಗೆ ಸುಳ್ಳು ಹೇಳಿದೆ. ಈ ಸಲ ಹೇಳಲ್ಲ. ಬೇಡ ಅನ್ನೋರು ಬೇಡ ಅನ್ನಿ, ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ಹೆಸರು ಹೇಳಿ ಅನ್ನಿ."

ಹತ್ತು ಜನ ಏಳಬೇಕೆಂದು ಸಭಾಧ್ಯಕ್ಷರು ಹೇಳಿದಾಗ ಹೂಂ ಎಂದಿದ್ದ ಎಂಟು ಜನರಲ್ಲಿ ಇಬ್ಬರು ಕಾಗದ ಓದುತ್ತ ಕುಳಿತೇ ಇದ್ದರು. ಆದರೆ ಎದ್ದವರು ಹದಿನಾಲ್ಕು ಜನ. ಆಕೆ ಬಾಗಿಲು ತಟ್ಟದೇ ಇದ್ದವರು ಏಳು. ಗಂಟೆ ಬಾರಿಸಿದರು, ಬಾಗಿಲುಗಳು ಮುಚ್ಚಿದವು. ಹೊರಗಿನಿಂದ ಯಾರೋ ಮೆಲ್ಲಗೆ ಬಾಗಿಲು ಬಡಿದದ್ದು ಪೀಠಿಕೆಯವರೇ ಇರಬೇಕು. ಎಣಿಕೆ ಮುಗಿಯುವವರೆಗೆ ತೆರೆಯುವಂತಿರಲಿಲ್ಲ.

ಹೌದು ಎಂದವರು ಮೂವತ್ತೇಳು. ಇಲ್ಲ ಎಂದವರು ನಲವತ್ತಮೂರು.

ಮಸೂದೆ ಬಿತ್ತು. ಐದು ಗಂಟೆಗೆ ಎರಡು ನಿಮಿಷ ಬಾಕಿಯಿತ್ತು.

ಹೊರಗೆ ಮೊಗಸಾಲೆಯಲ್ಲಿ ಸಾರಿಗೆ ಸಚಿವರು ಅವಳ ಜೊತೆ ಹೆಜ್ಜೆ ಹಾಕಿದರು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಏನು ಸಿಕ್ತು ಅಕ್ಕಾ? ನಾನು ಭರವಸೆ ಕೊಟ್ಟಿದ್ದೆ, ಮರ್ಯಾದೆಯಾಗಿ ಮುಗೀತಿತ್ತು. ಈಗ ನೋಡಿ, ಎಲ್ಲರೆದುರು ಸೋತ್ರಿ."

"ಹೋದ ವರ್ಷಾನೂ ಸೋತಿದ್ದೆ ಸಚಿವರೇ. ಗೊತ್ತಾಗಿರಲಿಲ್ಲ ಅಷ್ಟೇ. ಗೊತ್ತಾಗಿ ಸೋಲೋದು ವಾಸಿ."

ಸೋಮವಾರ ಬೆಳಿಗ್ಗೆ ಶಾಖೆಯ ಬಾಗಿಲು ತೆರೆಯುವಾಗಲೇ ಆಕೆ ಅಲ್ಲಿದ್ದಳು. ಈ ಸಲ ಅವಳ ಪ್ರಶ್ನೆ ಒಂದೇ. "ಸಾರ್, ಈ ನಿಯಮಗಳನ್ನೇ ಬದಲಾಯಿಸೋದಕ್ಕೆ ನಿಯಮ ಇದೆಯಾ?"

ರೂಲ್‌ಬುಕ್ಕಿನವರು ಚೀಲವನ್ನು ಗೂಟಕ್ಕೆ ಹಾಕಿ, ಕುಳಿತು, ಕನ್ನಡಕ ಒರೆಸಿಕೊಂಡರು. "ಇದೆ. ಇಪ್ಪತ್ತೈದು ಜನ ಸಹಿ ಮಾಡಿ ನೋಟೀಸು ಕೊಟ್ಟರೆ, ಮುಂದಿನ ಅಧಿವೇಶನದ ಮೊದಲನೇ ವಾರವೇ ಸದನ ಅದನ್ನ ಮತಕ್ಕೆ ಹಾಕಲೇಬೇಕು. ಅದಕ್ಕೆ ಲಾಟರಿ ಇಲ್ಲ." ನಿಯಮದ ಪುಸ್ತಕ ಎಳೆದುಕೊಳ್ಳುತ್ತ, "ಇದನ್ನ ಯಾರೂ ನನ್ನ ಕೇಳಿರಲಿಲ್ಲ ಮೇಡಂ," ಎಂದರು. ಕೇಳದ ಮಾತೊಂದನ್ನು ಅವರ ಬಾಯಿಂದ ಆಕೆ ಕೇಳಿದ್ದು ಅದೇ ಮೊದಲು.

ನೋಟೀಸಿನಲ್ಲಿ ಆಕೆ ಬರೆಸಿದ್ದು ಒಂದೇ ಸಾಲು. ಚರ್ಚೆ ಶುರುವಾದ ಯಾವ ಮಸೂದೆಯನ್ನೂ ಅದೇ ದಿನ ಹೆಸರು ಕರೆದು ಮತಕ್ಕೆ ಹಾಕದೆ ಸದನ ಏಳತಕ್ಕದ್ದಲ್ಲ. ಹೌದು ಎಂದಿದ್ದ ಮೂವತ್ತೇಳು ಜನರ ಬಳಿಗೆ ಅದನ್ನು ಹಿಡಿದು ಒಂದು ವಾರ ಓಡಾಡಿದಳು. ಶೌಚಾಲಯಕ್ಕೆ ಹೌದು ಎನ್ನುವುದು ಸುಲಭ, ಇದು ಹಾಗಲ್ಲ. ನಾಳೆ ನಾವೂ ಇಲ್ಲ ಎನ್ನಬೇಕಾಗಿ ಬಂದರೆ ನಮ್ಮ ಹೆಸರೂ ಅಚ್ಚಾಗುತ್ತದಲ್ಲ ಎಂದು ಒಬ್ಬರು ಬಾಯಿಬಿಟ್ಟೇ ಹೇಳಿದರು. "ಅದಕ್ಕೇ ತಾನೇ ಸ್ವಾಮಿ," ಎಂದಳು ಇವಳು. ವಾರದ ಕೊನೆಗೆ ಹದಿನಾರು ಸಹಿ ಆಗಿದ್ದವು. ಇನ್ನು ಒಂಬತ್ತು ಬೇಕು.

ಆ ಶನಿವಾರ ಸದನದ ನಡಾವಳಿಯ ಪುಸ್ತಕ ಅಚ್ಚಾಗಿ ಬಂತು. ಅದರ ಕೊನೆಯ ಎರಡು ಪುಟದಲ್ಲಿ ಎಂಬತ್ತು ಹೆಸರು, ಎಡಕ್ಕೆ ಹೌದು, ಬಲಕ್ಕೆ ಇಲ್ಲ, ಪ್ರತಿ ಹೆಸರಿನ ಮುಂದೆ ಕ್ಷೇತ್ರ. ಆಕೆ ಪುಸ್ತಕ ಹಿಡಿದು ಡಿಪೋಗೆ ಹೋದಳು. ವಿಶ್ರಾಂತಿ ಕೋಣೆಯಲ್ಲಿ ಡ್ಯೂಟಿಗೆ ಹೊರಡುವ ಹೆಂಗಸರು ಕೂದಲು ಕಟ್ಟಿಕೊಳ್ಳುತ್ತ, ಬೂಟಿನ ದಾರ ಬಿಗಿಯುತ್ತ ಇದ್ದರು. ಯಾರೂ ಅವಳನ್ನು ಮೇಡಂ ಎನ್ನಲಿಲ್ಲ, ಎದ್ದೂ ನಿಲ್ಲಲಿಲ್ಲ.

ಆಕೆ ತಂಗಿಯ ಮುಂದೆ ಪುಟ ತೆರೆದಿಟ್ಟಳು. "ಹೋದ ವರ್ಷ ಆಯ್ತು ಅಂತ ಹೇಳಿದ್ದೆ. ಆಗಿರಲಿಲ್ಲ ಕಣೇ. ಈ ಸಲಾನೂ ಆಗಿಲ್ಲ. ಆದ್ರೆ ಯಾರಿಂದ ಆಗಲಿಲ್ಲ ಅಂತ ಇದರಲ್ಲಿದೆ. ನಿಯಮ ಬದಲಾಯಿಸೋ ನೋಟೀಸಿಗೆ ಇನ್ನೂ ಒಂಬತ್ತು ಶಾಸಕರ ಸಹಿ ಬೇಕು."

ತಂಗಿ ಪುಟವನ್ನು ಹತ್ತಿರ ಎಳೆದುಕೊಂಡಳು. ಬಲಗಡೆಯ ಹೆಸರುಗಳ ಮೇಲೆ ಅವಳ ಬೆರಳು ಕೆಳಗಿಳಿಯಿತು. ಇನ್ನಿಬ್ಬರು ಬಗ್ಗಿ ನೋಡಿದರು.

"ಇವನು ನಮ್ಮ ಕಡೆಯವನೇ ಅಲ್ವೇನೇ? ಓಟು ಕೇಳೋಕೆ ಬಂದಾಗ ನನ್ನ ಬಸ್ಸಲ್ಲೇ ಫೋಟೋ ತೆಗೆಸ್ಕೊಂಡಿದ್ದ!" ಎಂದಳು ಅವರಲ್ಲೊಬ್ಬಳು.

"ಅಕ್ಕಾ, ಒಂಬತ್ತು ಜನ ತಾನೇ ಬೇಕಾಗಿರೋದು?" ತಂಗಿ ಕೇಳಿದಳು.

"ಒಂಬತ್ತು."

ತಂಗಿ ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಪೆನ್ನು ತೆಗೆದು ಮೊದಲ ಹೆಸರಿನ ಪಕ್ಕ, ಆ ಕ್ಷೇತ್ರದ ಮೇಲೆ ಹೋಗುವ ಬಸ್ಸಿನ ನಂಬರು ಬರೆದಳು. ಎರಡನೆಯದಕ್ಕೆ ಇನ್ನೊಬ್ಬಳು ಕೂಗಿ ಹೇಳಿದಳು. ಮೂರನೆಯದಕ್ಕೆ ಎರಡು ನಂಬರು ಬಂದವು, ಬೆಳಗಿನದು ಯಾರ ಡ್ಯೂಟಿ, ಸಂಜೆಯದು ಯಾರದು ಎಂದು ಜಗಳವೇ ಆಯಿತು. ಕಾಲು ಗಂಟೆಯಲ್ಲಿ ನಲವತ್ತಮೂರು ಹೆಸರಿನಲ್ಲಿ ನಂಬರಿಲ್ಲದೆ ಉಳಿದದ್ದು ಒಂದೂ ಇರಲಿಲ್ಲ. ಗೋಡೆಯ ಮೇಲಿನ ಡ್ಯೂಟಿ ಪಟ್ಟಿಯ ಪಕ್ಕಕ್ಕೆ ಅಂಟಿಸಲು ಒಬ್ಬಳು ಅದರ ಪ್ರತಿಗಳನ್ನು ಮಾಡಿಸಿ ತಂದಳು, ಉಳಿದವರು ತಂತಮ್ಮ ಚೀಲಕ್ಕೆ ಒಂದೊಂದು ಹಾಕಿಕೊಂಡರು.

ತಂಗಿಯ ಬಸ್ಸು ಹತ್ತೂವರೆಗೆ ಹೊರಟಿತು. ಅಕ್ಕ ಟಿಕೆಟ್ ತೆಗೆದುಕೊಂಡು ಹಿಂದಿನ ಸೀಟಿನಲ್ಲಿ ಕುಳಿತಿದ್ದಳು. ಬಸ್ಸಿನಲ್ಲಿ ಸಂತೆಗೆ ಹೋಗುವವರು, ಕೋರ್ಟಿಗೆ ಹೋಗುವವರು, ಮಗಳ ಮನೆಗೆ ಹೋಗುವವರು. ಸೇತುವೆ ದಾಟಿದ ಮೇಲೆ ತಂಗಿ ಮುಂದಿನ ಸೀಟಿನಿಂದ ಶುರುಮಾಡಿದಳು. ಟಿಕೆಟ್ ಹರಿದುಕೊಟ್ಟು, ಚಿಲ್ಲರೆ ಎಣಿಸಿ, ಆಮೇಲೆ ಹಾಳೆಯಲ್ಲಿ ಒಂದು ಹೆಸರಿನ ಕೆಳಗೆ ಬೆರಳಿಟ್ಟು ತೋರಿಸಿ, 'ನಿಮ್ಮ ಶಾಸಕರು. ನಮಗೆ ಇವರದೊಂದು ಸಹಿ ಬೇಕು, ನೀವು ಕೇಳಬೇಕು' ಎಂದು ಕೆಳದನಿಯಲ್ಲಿ ಹೇಳಿದಳು.

ಮುಂದಿನ ಸೀಟಿನ ಅಜ್ಜಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಜರುಗಿ ಜಾಗ ಮಾಡಿ, "ಒಂದು ಗಳಿಗೆ ಕೂತ್ಕೋ ಮಗಾ. ಮೊದಲಿಂದ ಹೇಳು," ಎಂದು ಹಾಳೆಯನ್ನು ತನ್ನ ತೊಡೆಯ ಮೇಲೆ ಬಿಡಿಸಿಕೊಂಡಳು. ಹಿಂದಿನ ಸೀಟಿನವರು ಎದ್ದು ಕಂಬಿ ಹಿಡಿದು ಬಗ್ಗಿದರು.